ಇಪ್ಪತ್ತು ಮಾರಿನ ಮರ

ಕಡಲ ದಡದ ಎರ್ಮಾಳಿನ ಶೇಖರ ಕಾರ್ಕಳದಿಂದಲೂ ಮೇಲೆ, ಘಟ್ಟದ ಬುಡದಲ್ಲಿದ್ದ ಬರ್ತಾ ಬಾಯಿಯವರ ಗುಡ್ಡಕ್ಕೆ ಬಂದದ್ದು ದೋಣಿಗೊಂದು ಮರ ಹುಡುಕಿಕೊಂಡು. ಅಪ್ಪನ ಕಾಲದ ದೋಣಿ ಸೀಳಿಹೋಗಿತ್ತು. ಯಂತ್ರದ ಬೋಟುಗಳು ಬಂದ ಮೇಲೆ ದಡದ ಹತ್ತಿರ ಮೀನೂ ಸಿಗುತ್ತಿರಲಿಲ್ಲ. ದೂರ ಹೋಗಬೇಕಾದರೆ ದೊಡ್ಡ ದೋಣಿಯೇ ಬೇಕು. ಮಳೆಗಾಲ ಮುಗಿಯುವುದರೊಳಗೆ ಅದು ಆಗದಿದ್ದರೆ ಇನ್ನೊಬ್ಬರ ಬೋಟಿನಲ್ಲಿ ಬಲೆ ಎಳೆಯುವ ಕೂಲಿಯೇ ಗತಿ.

ಗುಡ್ಡದ ಕಾಡು ಅರ್ಧ ಮುಗಿದಿತ್ತು. ಬಾಯಿಯವರ ಗಂಡ ವಿಲ್ಫ್ರೆಡ್ ಅಲ್ಲಿ ರಬ್ಬರ್ ಹಾಕಿಸಬೇಕೆಂದು ಬಹರೈನಿನಿಂದ ಬರೆದಿದ್ದರು. ಧೂಪದ ಮರಗಳನ್ನೆಲ್ಲ ಪ್ಲೈವುಡ್ಡಿನವರು ಒಯ್ದಿದ್ದರು.

"ಈ ಹೆಬ್ಬಲಸಿನ ಮರ ಒಂದು ಉಂಟು ಶೇಖರಣ್ಣ," ಎಂದರು ಬಾಯಿ. "ನಿಮಗೆ ಬೇಡದಿದ್ದರೆ ಸೋಮವಾರ ಹೆಂಚಿನ ಕಾರ್ಖಾನೆಯ ಒಲೆಗೆ ಹೋಗ್ತದೆ. ರಬ್ಬರಿಗೆ ನೆರಳು ಆಗುವುದಿಲ್ಲವಂತೆ."

ಶೇಖರ ಕತ್ತೆತ್ತಿದ. ಅವನಿಗೆ ಗೊತ್ತಿದ್ದ ಅಳತೆ ಒಂದೇ, ಎರಡು ಕೈ ಚಾಚಿದರೆ ಒಂದು ಮಾರು. ಕಡಲಿನ ಆಳವನ್ನೂ ಅವನು ಅದರಲ್ಲೇ ಅಳೆಯುತ್ತಿದ್ದ. ಮೊದಲ ಕೊಂಬೆಗೇ ಹನ್ನೆರಡು ಮಾರು, ತುದಿಗೆ ಇಪ್ಪತ್ತಕ್ಕೆ ಕಡಿಮೆಯಿಲ್ಲ. ತಾನು ಬಲೆ ಬಿಡುವಲ್ಲಿ ನೀರು ಹತ್ತು ಮಾರು. ಈ ಮರ ಅಲ್ಲಿ ತಳದಲ್ಲಿ ನಿಂತರೆ ಅಲೆಯ ಮೇಲೆ ಇನ್ನೂ ಹತ್ತು ಮಾರು ಕಾಣುತ್ತದೆ!

"ಎಂತ ಮಾರಾಯ, ಮರ ನೋಡಲು ಬಂದದ್ದಾ, ದೇವರನ್ನು ನೋಡಲು ಬಂದದ್ದಾ?" ಎಂದು ಅವನ ಜೊತೆ ಬಂದಿದ್ದ ದೋಣಿ ಕೆತ್ತುವ ಲೀಲಾಧರ ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಬಡಿದ. ಕಿವಿಯಿಟ್ಟು ಸುತ್ತಲೂ ಬಡಿಯುತ್ತ ಬಂದ. ಒಳಗೆ ಟೊಳ್ಳಿದ್ದರೆ ದೋಣಿಯಾಗದು.

"ಗಟ್ಟಿ ಉಂಟು."

ಎರಡು ದಿನ ಗರಗಸ ಎಳೆದರು. ಗಾಯದಿಂದ ಬಿಳಿ ಹಾಲು ಇಳಿಯುತ್ತಲೇ ಇತ್ತು. ಎರಡನೆಯ ದಿನ ಸಂಜೆ ಮರ ಒಮ್ಮೆ ನರಳಿ, ಗಾಳಿಯನ್ನೇ ಎಳೆದುಕೊಂಡು ಬಿತ್ತು. ಕಾಲ ಕೆಳಗಿನ ನೆಲ ಅದುರಿತು. ಬಹಳ ಹೊತ್ತು ಎಲೆಗಳು ಉದುರುತ್ತಿದ್ದವು.

ಮರ ನಿಂತಿದ್ದ ಕಡೆ ಆಕಾಶ ತೆರೆದಿತ್ತು. ಅದರ ಕೆಳಗೆ, ಬಹು ದೂರದಲ್ಲಿ ಒಂದು ಬೆಳ್ಳಿಯ ಗೆರೆ.

"ಅದೆಂತ, ಹೊಗೆಯಾ?" ಬಾಯಿ ಕಣ್ಣಿಗೆ ಕೈ ಅಡ್ಡ ಹಿಡಿದರು.

"ಕಡಲು, ಬಾಯಮ್ಮ."

"ಯೇಸುವೇ! ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ, ಇಲ್ಲಿಂದ ಕಡಲು ಕಾಣ್ತದೆ ಅಂತ ಗೊತ್ತೇ ಇರಲಿಲ್ಲ."

ಶೇಖರ ಆ ಗೆರೆಯತ್ತ ನೋಡಿದ. ದೋಣಿ ತಿರುಗಿಸಿ ಮನೆಗೆ ಹೊರಡುವಾಗ ಮೂಡಣದಲ್ಲಿ ಅವನಿಗೆ ಯಾವಾಗಲೂ ದಿಕ್ಕು ತೋರಿಸುತ್ತಿದ್ದದ್ದು ಒಂದು ನೀಲಿ ಗುಡ್ಡ. ಅದು ಈ ಗುಡ್ಡವೇ. ಆ ನೀಲಿಯೊಳಗೆ ಇಂಥ ಮರಗಳೆಲ್ಲ ನಿಂತಿದ್ದವು.

ಲೀಲಾಧರ ಮಸಿ ಹಿಡಿದು ಕಾಂಡ ಹತ್ತಿದ. "ನಿನಗೆ ಐದು ಮಾರು ಸಾಕಲ್ವಾ? ಇಲ್ಲಿಗೆ ಗೆರೆ."

"ಉಳಿದದ್ದು?"

"ಒಲೆಗೆ. ಸೋಮವಾರ ಲಾರಿ ಬರ್ತದಲ್ಲ."

ಶೇಖರ ತೊಗಟೆಯ ಮೇಲೆ ಕೈಯಿಟ್ಟ. ಅದಿನ್ನೂ ತಂಪಾಗಿತ್ತು.

"ಅಲ್ಲಿಂದ ಮತ್ತೆ ಐದು ಮಾರಿಗೆ ಇನ್ನೊಂದು ಗೆರೆ ಎಳೆ."

"ಎರಡನೆಯ ದೋಣಿ ಯಾರಿಗೆ ಮಾರಾಯ?"

"ಗೊತ್ತಿಲ್ಲ. ಎರ್ಮಾಳಿನಲ್ಲಿ ದೋಣಿ ಬೇಡದವರು ಯಾರಿದ್ದಾರೆ? ನೀನು ಎಳೆ."

"ಮರ ನೋಡಿ ನಿನ್ನ ತಲೆ ಕೆಟ್ಟಿತು," ಎಂದು ಗೊಣಗುತ್ತ ಲೀಲಾಧರ ಮುಂದಕ್ಕೆ ನಡೆದು, ಬಗ್ಗಿ ಎರಡನೆಯ ಗೆರೆ ಎಳೆದ.