ಕೊರಳು ತಪ್ಪಿದ ಹಾರ

ತನ್ನ ಕೊರಳಿಗೆ ಬೀಳಬೇಕಾಗಿದ್ದ ಹಾರ ಇನ್ನೊಬ್ಬನ ಕೊರಳಲ್ಲಿತ್ತು. ಸಂಕರ್ಷಣ ಸಭಾಂಗಣದ ಬಾಗಿಲಲ್ಲೇ ನಿಂತ. ವೇದಿಕೆಯ ಬ್ಯಾನರಿನಲ್ಲಿ ‘ಅಹಂಕಾರ ಮತ್ತು ಅರಿವು. ಉಪನ್ಯಾಸ: ಡಾ. ಸಂಕರ್ಷಣ ಆಚಾರ್ಯ, ರಾಯಚೂರು’ ಎಂದಿತ್ತು. ಅದರ ಕೆಳಗೆ ಬಿಳಿ ಧೋತರ, ಬಿಳಿ ಅಂಗಿಯ ಮುದುಕನೊಬ್ಬ ಶಾಲು ಹೊದ್ದು ಮುದುಡಿ ಕುಳಿತಿದ್ದ.

“ಒಳಗ ಬರ್ರಿ, ಹಿಂದ ಕುರ್ಚಿ ಅದಾವ,” ಎಂದಳು ಬಾಗಿಲಲ್ಲಿದ್ದ ವಿದ್ಯಾರ್ಥಿನಿ.

“ಅವರು ಯಾರು?”

“ಇವತ್ತು ಮಾತಾಡೋರು ಅವರೇ ರೀ. ಪ್ರಿನ್ಸಿಪಾಲ್ ಸರ್ ಬಸ್ ಸ್ಟ್ಯಾಂಡಿಗೆ ಹೋಗಿ ಕರ್ಕೊಂಡು ಬಂದಾರ.”

ಗಬ್ಬೂರಿನ ಹತ್ತಿರ ಸಂಕರ್ಷಣನ ಬಸ್ಸು ಪಂಕ್ಚರ್ ಆಗಿ ಮುಕ್ಕಾಲು ತಾಸು ತಡವಾಗಿತ್ತು. ಫೋನ್ ಮಾಡಿ ತಿಳಿಸಬಹುದಿತ್ತು. ಬೇಕಾದವರು ತಾವೇ ಮಾಡಲಿ ಎಂದು ಕಿಸೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದ. ಯಾರೂ ಮಾಡಿರಲಿಲ್ಲ. ಕಾರಣ ಈಗ ತಿಳಿಯಿತು. ಅವರ ಪಾಲಿಗೆ ಅವನು ಆಗಲೇ ಬಂದು ಮುಟ್ಟಿದ್ದ.

ಈ ಕಡೆ ಅತಿಥಿಯ ಹೆಸರು ಕೇಳುವ ರೂಢಿಯಿಲ್ಲ. ಕೇಳಿದರೆ ಗೊತ್ತಿಲ್ಲವೆಂದಾಯಿತು, ಗೊತ್ತಿಲ್ಲವೆಂದರೆ ಅವಮಾನವಾಯಿತು. ಮೊದಲು ಹಾರ, ಆಮೇಲೆ ಚಹಾ. ಹಾರ ಬಿದ್ದವನು ಬೇಡವೆಂದಷ್ಟೂ ಅವನ ದೊಡ್ಡತನ ಬೆಳೆಯುತ್ತದೆ.

ಇಪ್ಪತ್ತೆರಡು ವರ್ಷ ಅವನು ಪಾಠ ಹೇಳಿದ್ದು ಒಂದೇ: ‘ನಾನು’ ಎಂಬುದನ್ನು ಬಿಟ್ಟು ನೋಡಿ. ಬಿಡಲು ಇದಕ್ಕಿಂತ ಒಳ್ಳೆಯ ದಿನ ಎಲ್ಲಿ ಸಿಕ್ಕೀತು? ಹಿಂದಿನ ಸಾಲಿನಲ್ಲಿ ಕುಳಿತ. ಹಾಗೆ ಕುಳಿತದ್ದನ್ನು ಯಾರಾದರೂ ನೋಡಿದರೋ ಎಂದು ಸುತ್ತ ಕಣ್ಣಾಡಿಸಿದ.

ಮುದುಕನನ್ನು ಮೈಕಿನ ಮುಂದೆ ನಿಲ್ಲಿಸಿದರು.

“ನಂಗ ಏನೂ ಗೊತ್ತಿಲ್ರೀ. ನಾ ದೊಡ್ಡ ಮನಿಷಾ ಅಲ್ಲ.”

“ನೋಡ್ರಿ! ಇದಕ್ಕ ನಿರಹಂಕಾರ ಅಂತಾರ!” ಪ್ರಿನ್ಸಿಪಾಲ್ ಯಂಕೋಬ ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು.

“ಎಮ್ಮಿ ಔಷಧಕ್ಕ ಬಂದಿದ್ನಿರೀ,” ಎಂದ ಮುದುಕ. ಹುಡುಗರು ನಕ್ಕರು. ನಗು ನಿಲ್ಲುವವರೆಗೂ ಅವನು ಕಾದ. “ನಮ್ಮಾಕಿ ತೀರಿ ಹ್ವಾದ ಮ್ಯಾಲೆ ಎಮ್ಮಿ ಹಾಲು ಬಿಡವಲ್ದು. ನಾ ಹತ್ರ ಹೋದ್ರ ಒದಿತದ. ಒಂದಿನ ಅಕಿ ಸೀರಿ ಸುತಗೊಂಡು ಕುಂತೆ. ಬಿಟ್ಟಿತು. ಆವಾಗಿಂದ ದಿನಾ ಮುಂಜಾನಿ ಸೀರಿ ಸುತಗೊಂತೀನಿ. ಅಷ್ಟೊತ್ತು ನಾ ಇರಂಗಿಲ್ರೀ, ಅಕಿನೇ ಇರ್ತಾಳ. ಹಾಲು ಹಿಂಡಿ ಎದ್ದು ಸೀರಿ ಮಡಚತೀನಿ ನೋಡ್ರಿ, ಆವಾಗ ಭಾಳ ತ್ರಾಸಾಗ್ತದ. ಈಗ ಮೂರು ದಿನ ಆತು, ಸೀರಿಗೂ ಬಿಡವಲ್ದು. ಅಕಿ ವಾಸನಿ ಹೋತೋ ಏನೋ.”

ಸಂಕರ್ಷಣ ಮೈಮರೆತು ಮುಂದಕ್ಕೆ ಬಾಗಿದ್ದ. ಅದರ ಬೆನ್ನಿಗೇ ಹೊಟ್ಟೆಕಿಚ್ಚು ಹುಟ್ಟಿತು. ಬ್ಯಾಗಿನಲ್ಲಿದ್ದ ಅವನ ಹದಿನಾಲ್ಕು ಪುಟಗಳಲ್ಲಿ ಇಂಥದೊಂದು ಸಾಲಿರಲಿಲ್ಲ.

“ಸಂಕರ್ಷಣ ಆಚಾರ್ಯರ ಈ ಮಾತು ನಾವು ಸಾಯೋತನಕ ಮರಿಯಂಗಿಲ್ಲ,” ಎಂದರು ಯಂಕೋಬ, ಕಣ್ಣೊರೆಸಿಕೊಂಡು.

ಆ ಮಾತು ತನ್ನ ಹೆಸರಿಗೇ ಉಳಿಯುತ್ತದೆ ಎಂದು ಒಂದು ಕ್ಷಣ ಹಿತವೆನಿಸಿತು. ಅದು ನಾಚಿಕೆಗೇಡು. ಸುಮ್ಮನಿದ್ದರೆ ಸಾಕಾಗಿತ್ತು. ಆದರೂ ಎದ್ದು ನಿಂತ.

“ಪ್ರಶ್ನಿ ಅದ ಏನ್ರೀ?” ಎಂದರು ಯಂಕೋಬ.

“ಇಲ್ಲ. ಸಂಕರ್ಷಣ ನಾನು.”

ಧ್ವನಿ ಅಂದುಕೊಂಡದ್ದಕ್ಕಿಂತ ಜೋರಾಯಿತು. ಯಾರೂ ನಂಬಲಿಲ್ಲ. ಕಿಸೆ ತಡಕಾಡಿ ಕಾಲೇಜಿನ ಗುರುತಿನ ಚೀಟಿ ತೆಗೆದ. ಅಹಂಕಾರದ ಮೇಲೆ ಮಾತಾಡಲು ಬಂದವನು ತನ್ನ ಫೋಟೋ ಎತ್ತಿ ಹಿಡಿದು ನಿಂತಿದ್ದ.

ಖುಷಿಯಾದದ್ದು ಮುದುಕನೊಬ್ಬನಿಗೇ. “ಬಂದ್ರಾ ಯಪ್ಪಾ? ಛಲೋ ಆತು. ನಾ ಗೂಗಲ್ ಹಳ್ಳಿ ಬೂದೆಪ್ಪ ರೀ. ನಾ ಅಲ್ಲ ನಾ ಅಲ್ಲ ಅಂತ ಆವಾಗಿಂದ ಹೇಳಾಕತ್ತೀನಿ, ಯಾರೂ ಕೇಳವಲ್ರು.” ವೇದಿಕೆ ಇಳಿದು ಬಂದು, ಹಾರ ತೆಗೆದು ತನ್ನ ಕೈಯಾರೆ ಸಂಕರ್ಷಣನ ಕೊರಳಿಗೆ ಹಾಕಿದ. ಶಾಲನ್ನೂ ಹೊದಿಸಿದ. ಅದು ಬೆಚ್ಚಗಿತ್ತು.

“ದನದ ದವಾಖಾನಿ ಎಷ್ಟೊತ್ತಿಗೆ ಮುಚ್ಚತಾರ?” ಎಂದು ಬೂದೆಪ್ಪ ಸುತ್ತಲಿನವರನ್ನು ಕೇಳಿದ.

“ಒಂದಕ್ಕ, ಯಪ್ಪಾ. ಬರ್ರಿ, ತೋರಸ್ತೀನಿ.” ಬಾಗಿಲಲ್ಲಿದ್ದ ಹುಡುಗಿ ಅವನ ಜೊತೆ ಹೊರಟಳು.

ಯಂಕೋಬ ಕ್ಷಮೆ ಕೇಳಿದರು, ಒಂದಲ್ಲ, ನಾಲ್ಕು ಸಲ. ಸಂಕರ್ಷಣ ನಕ್ಕು, “ಹೆಸರಿನಲ್ಲೇನಿದೆ ಬಿಡಿ,” ಎಂದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ವೇದಿಕೆ ಹತ್ತಿ, ಮೈಕು ಸರಿಪಡಿಸಿಕೊಂಡು ಓದತೊಡಗಿದ.

ಮೊದಲು ಕಿಟಕಿ ಪಕ್ಕದವಳೊಬ್ಬಳು ಹೊರಗೆ ತಿರುಗಿದಳು. ಆಮೇಲೆ ಅವಳ ಸಾಲು, ಅದರ ಹಿಂದಿನ ಸಾಲು. ಬಿಸಿಲಲ್ಲಿ ಮುದುಕ ಕೈಯಾಡಿಸಿ ಏನನ್ನೋ ಹೇಳುತ್ತ ಹೋಗುತ್ತಿದ್ದ, ಹುಡುಗಿ ನಿಂತು ನಿಂತು ಕೇಳುತ್ತಿದ್ದಳು. ಯಂಕೋಬರೂ ಕುರ್ಚಿಯಲ್ಲಿ ಅತ್ತ ಹೊರಳಿದರು. ಸಂಕರ್ಷಣ ತಲೆಯೆತ್ತಿದಾಗ ಎಣ್ಣೆ ಹಚ್ಚಿದ ಹೆರಳುಗಳು, ಬೆವೆತ ಕುತ್ತಿಗೆಗಳು ಕಂಡವು. ಒಂದು ಮುಖವೂ ಇರಲಿಲ್ಲ. ಅವನು ಧ್ವನಿ ಏರಿಸಿದ.