ಕಪ್ಪಾಗದ ಬಿಲ್ಲೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ನಿಮ್ಮನ್ನೇ ಕೇಳೋಣ ಎಂದುಕೊಂಡೆ. ಆದರೆ ನಿಮ್ಮ ಮೇಲೂ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಕೆಮ್ಮಿನಿಂದ ಶುರು ಮಾಡಿದರೆ "ಓಹೋ, ಈ ಮನುಷ್ಯ ಸಾಯುತ್ತಾನೆ" ಎಂದು ನೇರ ಕೊನೆಯ ಪುಟಕ್ಕೆ ಹಾರುತ್ತೀರಿ. ಕಾರ್ಖಾನೆಯಿಂದ ಶುರು ಮಾಡಿದರೆ ಅದರ ಹೆಸರು ಕೇಳುತ್ತೀರಿ. ಅದಕ್ಕೆ ಹೆಸರಿಲ್ಲ. ಮುಂಬಯಿಯ ಹೊರಗೆ ನಾನೇ ಕಟ್ಟಿಸಿದ್ದು, ಅದೂ ಕಾಗದದ ಮೇಲೆ. ಕಡಲ ದಂಡೆಯಿಂದ ಅಲ್ಲಿಗೆ ಒಂದು ಥರದ ಮರಳು ಬರುತ್ತದೆ. ಅದನ್ನು ಹಿಟ್ಟಿನಂತೆ ಬೀಸಿ, ಅಣುಶಕ್ತಿಗೆ ಬೇಕಾದ ಲೋಹವನ್ನು ತೆಗೆಯುತ್ತಾರೆ. ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು.

೨ (ಮೊದಲ ಡ್ರಾಫ್ಟ್)

"೧೯೫೮. ಅಬ್ಬಿಗೇರಿಯ ಎರೆಹೊಲಗಳ ಮೇಲೆ ಸೂರ್ಯ..."

ಹೊಡೆದು ಹಾಕಿದೆ. ಸೂರ್ಯನನ್ನು ನೋಡುತ್ತ ನಿಲ್ಲಲು ಈಶಪ್ಪನಿಗೆ ಕಾಲಲ್ಲಿ ತ್ರಾಣವಿಲ್ಲ. ಪಡಸಾಲೆಯಿಂದ ಹಿತ್ತಲಿಗೆ ಹೋಗುವಷ್ಟರಲ್ಲಿ ಎರಡು ಸಲ ಕೂತು ಏಳಬೇಕು. ವಯಸ್ಸು ಮೂವತ್ತೆಂಟು.

೨ (ಮತ್ತೆ)

ಆ ಮರಳು ಬೀಸುವ ಯಂತ್ರದ ಮುಂದೆ ಆರು ವರ್ಷ ನಿಂತು, ಈಶಪ್ಪ ಎಂಟು ತಿಂಗಳ ಹಿಂದೆ ಊರಿಗೆ ವಾಪಸಾದ. ಒಣ ಕೆಮ್ಮು, ಮೈಯಲ್ಲಿ ರಕ್ತವಿಲ್ಲ. ಒಬ್ಬ ಡಾಕ್ಟರು ನೋಡಿ ಬೀಡಿ ಬಿಡು ಎಂದರು. ಈಶಪ್ಪ ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ. (ಡಾಕ್ಟರ ಮೇಲೆ ನನಗೆ ಅನುಮಾನ ಶುರುವಾದದ್ದು ಇಲ್ಲಿ.)

ಅವನ ಹೆಂಡತಿ ನೀಲವ್ವನಿಗೆ ಅನುಮಾನ ಮೊದಲೇ ಇತ್ತು. ಸಾಲಿ ಮಾಸ್ತರರಿಂದ ಕಾರ್ಖಾನೆಗೆ ಪತ್ರ ಬರೆಸಿದಳು. ಉತ್ತರ ಇಂಗ್ಲಿಷಿನಲ್ಲಿ ಬಂತು. ಮಾಸ್ತರರು ಬಿಡಿಸಿ ಹೇಳಿದ್ದು ಹೀಗೆ: ಪ್ರತಿ ಕೆಲಸಗಾರನ ಎದೆಯ ಮೇಲೆ ಒಂದು ಬಿಲ್ಲೆ ಇರುತ್ತದೆ. ಒಳಗೆ ಕಪ್ಪು ಕಾಗದದಲ್ಲಿ ಸುತ್ತಿದ ಫೋಟೋ ಫಿಲ್ಮಿನ ತುಣುಕು. ಮರಳಿನಿಂದ ಕೆಟ್ಟ ಕಿರಣ ಬಂದು ಮೈಗೆ ತಾಗಿದರೆ ಆ ಫಿಲ್ಮ್ ಕಪ್ಪಾಗುತ್ತದೆ. ತಿಂಗಳಿಗೊಮ್ಮೆ ತೊಳೆದು ನೋಡುತ್ತೇವೆ. ಈಶಪ್ಪನ ಫಿಲ್ಮ್ ಆರು ವರ್ಷದಲ್ಲಿ ಒಮ್ಮೆಯೂ ಕಪ್ಪಾಗಿಲ್ಲ.

ಆ ಪತ್ರವನ್ನು ಎಲ್ಲರಿಗಿಂತ ಹೆಚ್ಚು ಖುಷಿಯಿಂದ ಕೇಳಿಸಿಕೊಂಡವನು ಅಂದಾನೆಪ್ಪ, ನೀಲವ್ವನ ತಮ್ಮ. ಎರಡು ವರ್ಷದ ಹಿಂದೆ ಈಶಪ್ಪನೇ ಹೇಳಿಟ್ಟಿದ್ದರಿಂದ ಅದೇ ಕಾರ್ಖಾನೆಯಲ್ಲಿ, ಅದೇ ಯಂತ್ರದ ಮುಂದೆ ಈಗ ಅವನಿಗೆ ಕೆಲಸ ಸಿಕ್ಕಿದೆ. ಗುರುವಾರ ಮುಂಜಾನೆಯ ಬಸ್ಸಿಗೆ ಗದಗಕ್ಕೆ, ಅಲ್ಲಿಂದ ರೈಲು.

"ನೋಡಕ್ಕಾ, ಸರಕಾರಿ ಕಾಗದದಾಗ ಬರದೈತಿ. ಮಾವಗ ಮರಳಿಂದ ಏನೂ ಆಗಿಲ್ಲ."

"ಏನೂ ಆಗಿಲ್ಲಂದ್ರ ಪಡಸಾಲಿಯಾಗ ಮಲಗಿದಾಂವ ಯಾರೋ ತಮ್ಮಾ?" ಎಂದಳು ನೀಲವ್ವ.

ಅಂದಾನೆಪ್ಪ ಟ್ರಂಕು ತುಂಬುವುದನ್ನು ನಿಲ್ಲಿಸಲಿಲ್ಲ.

೪

(ಮೂರನೆಯದು ಎಲ್ಲಿ ಎಂದು ಹುಡುಕಬೇಡಿ. ಅಲ್ಲಿ ಕಾರ್ಖಾನೆಯ ಸಾಹೇಬನೊಬ್ಬ ಬಿಲ್ಲೆಗಳನ್ನು ಅದಲುಬದಲು ಮಾಡುತ್ತಿದ್ದ. ಕನ್ನಡಕ, ಸಿಗಾರು, ಕೆಟ್ಟ ನಗೆ, ಎಲ್ಲ ಕೊಟ್ಟಿದ್ದೆ. ನನಗೇ ನಾಚಿಕೆಯಾಗಿ ಹರಿದೆ.)

ಹರಿಯುತ್ತಿದ್ದಾಗ ಈಶಪ್ಪ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದ.

"ಸಾಹೇಬ್ರನ್ನ ಯಾಕ ಕಳ್ಳನ್ನ ಮಾಡ್ತೀರಿ? ಅವರು ಬರದದ್ದು ಖರೇ ಐತ್ರಿ. ಫಿಲ್ಮ್ ಕಪ್ಪಾಗಿರಲಿಲ್ಲ."

"ಹ್ಯಾಂಗ ಸಾಧ್ಯ?" ಎಂದೆ. ಇವನ ಜೊತೆ ಮಾತಾಡುವಾಗ ನನ್ನ ಭಾಷೆಯೂ ಕೆಡುತ್ತದೆ.

ಬಹಳ ಹೊತ್ತು ಕೆಮ್ಮಿದ. ಆಮೇಲೆ ಎದೆ ಮುಟ್ಟಿಕೊಂಡ. ಅಂಗಿಯ ಕೆಳಗೆ ಶಿವದಾರ, ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ.

"ಇದು ಹುಟ್ಟಿದಾಗಿಂದ ಇಲ್ಲಿ ಐತಿ. ಅವರು ಬಿಲ್ಲೀನೂ ಇಲ್ಲೇ ಹಚ್ಚಿಕೋ ಅಂದ್ರು. ಲಿಂಗದ ಮ್ಯಾಲ ಹ್ಯಾಂಗ ಹಚ್ಚಿಕೊಳ್ಳಲಿ? ಮನಸ್ಸು ಒಪ್ಪಲಿಲ್ಲ. ಒಳಗ ಹೋಗೂ ಮುಂದ ಚಲೋ ಅಂಗಿ ಕಳದು ಗೂಟಕ್ಕ ಹಾಕ್ತಿದ್ದೆ, ಬಿಲ್ಲಿ ಅಂಗಿಗೇ ಇರ್ತಿತ್ತು. ಖಾಕಿ ಕೋಟು ತೊಟ್ಟು ಯಂತ್ರಕ್ಕ ಹೋಗ್ತಿದ್ದೆ."

"ಆರು ವರ್ಷ?"

"ಆರು ವರ್ಷ."

"ಯಾರೂ ನೋಡಲಿಲ್ಲೇನು?"

"ನಮ್ಮ ಮ್ಯಾಲಿನ ಮುಕಾದಮ ದಿನಾ ನೋಡ್ತಿದ್ದ. ನಂದೊಂದ ಅಲ್ಲರಿ, ಗೂಟಕ್ಕ ಇಪ್ಪತ್ತು ಬಿಲ್ಲಿ ಇರ್ತಿದ್ವು. ಒಬ್ಬಾಂವ ಕೆಟ್ಟೀತು ಅಂತ ಇಡ್ತಿದ್ದ, ಒಬ್ಬಾಂವ ಪಿನ್ನು ಚುಚ್ಚತೈತಿ ಅಂತ. ಮುಕಾದಮ ಏನೂ ಅಂತಿರಲಿಲ್ಲ."

ಅನ್ನುವುದೇಕೆ? ಕಪ್ಪಾಗದ ಬಿಲ್ಲೆ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಸಿಗಾರಿನ ಸಾಹೇಬನನ್ನು ಹರಿದದ್ದು ಒಳ್ಳೆಯದಾಯಿತು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ.

"ಇದನ್ನ ಅಂದಾನೆಪ್ಪಗ ಹೇಳೋ ಮಾರಾಯ," ಎಂದೆ.

"ಹೇಳಿದ್ರ ಏನಂತಾರ? ತನ್ನ ತಪ್ಪಿಂದ ತಾನ ಸತ್ತ ಅಂತಾರ. ಬಿಲ್ಲಿ ಹಾಕ್ಕೊಂಡ ಕೆಲಸಾ ಮಾಡ್ತೀನಿ ಅಂತ ಸಹಿ ಮಾಡಿ ಕೊಟ್ಟೇನ್ರಿ. ನೀಲವ್ವ ಊರ ಮುಂದ ಕಾರ್ಖಾನಿ ಜೋಡಿ ಜಗಳಕ್ಕ ನಿಂತಾಳ. ಆಕಿ ಮಾರಿ ಹ್ಯಾಂಗ ನೋಡಲಿ? ನೀವು ಬರಕೋರಿ, ಬೇಕಾದ್ರ. ಆಕಿಗಿ ಮಾತ್ರ ತಿಳಸಬ್ಯಾಡ್ರಿ."

ಮಾತು ಕೊಟ್ಟೆ. ಆದ್ದರಿಂದ ಈ ನಾಲ್ಕನೆಯ ಭಾಗವನ್ನು ನೀಲವ್ವ ಓದಿಲ್ಲ. ನೀವು ಓದಿದ್ದೀರಿ, ಬಾಯಿ ಬಿಡಬೇಡಿ.

೫

ಬುಧವಾರ ನೀಲವ್ವ ಕೌದಿ ಹೊಲಿಯಲು ಹಳೆ ಬಟ್ಟೆ ಹುಡುಕುತ್ತ ಗಂಡನ ಟ್ರಂಕು ತೆಗೆದಳು. ಬಟ್ಟೆ ಗಟ್ಟಿ ಎಂದು ಈಶಪ್ಪ ಖಾಕಿ ಕೋಟನ್ನು ಊರಿಗೆ ತಂದಿದ್ದ. ಅದರ ಮೇಲೆ ಮಡಿಚಿಟ್ಟ ಚಲೋ ಅಂಗಿ. ಅಂಗಿಗೆ ಬಿಲ್ಲೆ! ಕೊನೆಯ ತಿಂಗಳು ತಿರುಗಿ ಕೊಡಲು ಮರೆತದ್ದು. ಎಂಟು ತಿಂಗಳು ಅದು ಕೋಟಿನ ಮೇಲೆಯೇ ಬಿದ್ದಿತ್ತು. ಕೋಟನ್ನು ಹಿತ್ತಲಲ್ಲಿ ಝಾಡಿಸಿದಳು. ಝಾಡಿಸಿದಷ್ಟೂ ಬೀಸಿದ ಮರಳಿನ ಪುಡಿ ಉದುರಿತು.

ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ರೋಣಕ್ಕೆ ಹೋದಳು. ಅಲ್ಲಿ ನಿಜಾಮುದ್ದೀನನ ಫೋಟೋ ಸ್ಟುಡಿಯೊ. ಅವನು ಕತ್ತಲೆ ಕೋಣೆಗೆ ಹೋಗಿ ತೊಳೆದು ತಂದ.

"ಪೂರಾ ಕಪ್ಪಾಗೈತ್ರಿ ಅಕ್ಕಾರ."

"ಬೆಳಕು ಹೊಕ್ಕಿರಬೇಕೇನ್ರಿ ಸಾಬರ?"

"ಬೆಳಕು ಹೊಕ್ಕರ ಅಂಚಿನಿಂದ ಹೊಗತೈತ್ರಿ. ಇದು ಹಂಗಲ್ಲ, ಎಲ್ಲಾ ಕಡೆ ಒಂದ ಸಮ ಕಪ್ಪು. ಪಿನ್ನು ಅಡ್ಡ ಇದ್ದಲ್ಲಿ ಮಾತ್ರ ಒಂದು ಗೆರಿ ತೆಳ್ಳಗ ಉಳದೈತಿ, ನೋಡ್ರಿ."

"ಹಂಗಂದ್ರ ಏನರಿ?"

"ನಾ ಮುಖಾ ತೆಗ್ಯಾಂವರಿ. ಮುಖಾ ಇಲ್ಲದ್ದು ನನಗ ತಿಳಿಯೂದಿಲ್ಲ."

(ಫಿಲ್ಮ್ ಹಳೆಯದು, ಸೆಖೆಗೂ ಕೆಟ್ಟಿರಬಹುದು ಎನ್ನುವ ಓದುಗರು ಇದ್ದೀರಿ. ನಿಮ್ಮನ್ನು ಕಾರ್ಖಾನೆಯವರೇ ಕಳಿಸಿದರೇನು?)

ನೀಲವ್ವ ತನ್ನ ಲೆಕ್ಕಾಚಾರ ಮುಗಿಸಿದಳು: ಈ ಬಿಲ್ಲೆ ಕಪ್ಪಾಗಿದ್ದರೆ ಆರು ವರ್ಷದ ಎಲ್ಲ ಬಿಲ್ಲೆಗಳೂ ಕಪ್ಪಾಗಿದ್ದವು, ಪತ್ರ ಬರೆದವರು ಸುಳ್ಳರು. ಅವಳು ಹಿಡಿದ ದಾರಿ ತಪ್ಪು (ಈ ಬಿಲ್ಲೆ ಕಪ್ಪಾದದ್ದು ಟ್ರಂಕಿನಲ್ಲಿ, ಕೋಟಿನ ಪುಡಿಯಿಂದ), ಮುಟ್ಟಿದ ಊರು ಸರಿ. ಹೇಳೋಣವೆಂದರೆ ನಾನು ಮಾತು ಕೊಟ್ಟು ಕೂತಿದ್ದೇನೆ.

೬

ಕೊನೆಗಳು. ಬೇಕಾದ್ದು ಆರಿಸಿಕೊಳ್ಳಿ.

ಕೊನೆ ಒಂದು: ಅಂದಾನೆಪ್ಪ ಕಪ್ಪು ಫಿಲ್ಮ್ ನೋಡಿ ಟ್ರಂಕು ಇಳಿಸುತ್ತಾನೆ. (ಇಷ್ಟು ಸುಲಭವಾಗಿ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.)

ಕೊನೆ ಎರಡು: ಹೋಗುತ್ತಾನೆ. ಅವನಿಗೂ ಎದೆಯ ಮೇಲೆ ಲಿಂಗವಿದೆ. ಅವನಿಗೂ ಗೂಟ ಕಾಣುತ್ತದೆ. ನನ್ನ ಕಥೆ ನಾಲ್ಕು ದಿನದಲ್ಲಿ ಮುಗಿಯಬೇಕು, ಈ ರೋಗಕ್ಕೆ ಅಂಥ ಅವಸರವಿಲ್ಲ. ಎಲ್ಲರನ್ನೂ ಮಾವನಷ್ಟು ಬೇಗ ಹಿಡಿಯುವುದಿಲ್ಲ, ಇಪ್ಪತ್ತು ವರ್ಷ ಮೈಯಲ್ಲಿ ಸುಮ್ಮನೆ ಕೂತಿರಬಲ್ಲದು. ೧೯೭೮ರಲ್ಲಿ ಅಂದಾನೆಪ್ಪ ಕೆಮ್ಮಿದರೆ ಯಾವ ಮಾಸ್ತರರು ಕಾರ್ಖಾನೆಯ ಯಾವ ಕಡತದ ಕಪಾಟಿಗೆ ಪತ್ರ ಬರೆಯುತ್ತಾರೆ? ಕಪಾಟಿನಲ್ಲಿ ಅವನ ಹೆಸರಿನ ಮುಂದೆಯೂ ಏನೂ ಇಲ್ಲ ಎಂದೇ ಇರುತ್ತದೆ. ಈ ಕೊನೆಯನ್ನು ಬರೆಯುವಾಗ ನನಗೆ ಸಿಟ್ಟು ಬಂತು, ಪೆನ್ನು ಕೆಳಗಿಟ್ಟೆ.

ಕೊನೆ ಮೂರು ಬರೆಯುವಷ್ಟರಲ್ಲಿ ನೀಲವ್ವ ಬಂದಳು.

"ನಿಮ್ಮ ಕಥಿ ಆಮ್ಯಾಲ ಮುಗಸ್ರಿ. ಬಸ್ಸು ಬಂತು."

೭

ಅಬ್ಬಿಗೇರಿಯ ಬಸ್ ನಿಲ್ಲುವ ಕಟ್ಟೆ. ಈಶಪ್ಪ ಬಂದಿದ್ದಾನೆ, ಗೋಡೆಗೋಡೆ ಹಿಡಿದು. ನಾನು ಅವನನ್ನು ಕರೆಸಿರಲಿಲ್ಲ.

ನೀಲವ್ವ ತಮ್ಮನ ಮುಖಕ್ಕೆ ಕಪ್ಪು ಫಿಲ್ಮ್ ಹಿಡಿದಿದ್ದಳು. "ನೋಡೋ, ಕಣ್ಣಿದ್ರ ನೋಡೋ!"

"ಅಕ್ಕಾ, ರೋಣದ ಸಾಬರು ತೊಳದದ್ದು ಖರೇನೋ, ಮುಂಬೈದ ಸಾಹೇಬ್ರು ತೊಳದದ್ದು ಖರೇನೋ? ಮಾವನ್ನ ಕೇಳ್ತೀನಿ. ಮಾವಾ, ನೀ ಹೇಳು. ಹೋಗ್ಲೋ, ಬಿಡ್ಲೋ?"

ಈಶಪ್ಪ ಹೆಂಡತಿಯ ಕೈಯಿಂದ ಫಿಲ್ಮ್ ತೆಗೆದ ಬರಿದಾದ ಬಿಲ್ಲೆಯನ್ನು ಇಸಿದುಕೊಂಡ. ಹತ್ತಿರ ಹೋಗಿ, ಅಂದಾನೆಪ್ಪನ ಎದೆಗೆ, ಅಂಗಿಯಡಿ ಕರಡಿಗೆ ಉಬ್ಬಿದ್ದಲ್ಲಿಯೇ, ಚುಚ್ಚಿದ.

"ಹೋಗೂದಾದ್ರ ಇಲ್ಲೇ ಹಚ್ಚಿಕೋ. ಲಿಂಗಪ್ಪ ಸಿಟ್ಟಾಗೂದಿಲ್ಲ. ನನ್ನಂಗ ಗೂಟಕ್ಕ ಹಾಕಬ್ಯಾಡ."

ಕಂಡಕ್ಟರು ಸೀಟಿ ಊದಿದ. ಅಂದಾನೆಪ್ಪನ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಒಂದು ನೆಲದ ಮೇಲೆ. ನೀಲವ್ವನ ಕೈಯಲ್ಲಿ ಫಿಲ್ಮ್ ಹಾಗೇ ನಿಂತಿತು. ಅವಳು ಈಗ ತಮ್ಮನನ್ನು ನೋಡುತ್ತಿರಲಿಲ್ಲ.

"ಯಾವ ಗೂಟರಿ?" ಎಂದಳು ಗಂಡನಿಗೆ.

ನೀವು ನನ್ನ ಕಡೆ ನೋಡಬೇಡಿ. ನಾನು ಮಾತು ಕೊಟ್ಟವನು. ಆ ಕಾಲು ಮೇಲೆ ಹೋಯಿತೋ ಕೆಳಗೆ ಬಂತೋ ನಾನು ಬರೆದಿಲ್ಲ, ಬರೆದರೂ ನೀವು ನಂಬಬೇಕಾಗಿಲ್ಲ. ಈಶಪ್ಪ ಹೇಳಲು ಬಾಯಿ ತೆರೆದಿದ್ದಾನೆ. ಮೊದಲು ಕೆಮ್ಮು ಬಂತು. ಅದು ನಿಲ್ಲಲಿ ಎಂದು ನೀಲವ್ವ, ಅಂದಾನೆಪ್ಪ, ಸೀಟಿ ಬಾಯಲ್ಲಿಟ್ಟುಕೊಂಡ ಕಂಡಕ್ಟರು, ನಾನು, ಎಲ್ಲರೂ ಕಾಯುತ್ತಿದ್ದೇವೆ