ನಾಲ್ಕನೆಯ ಚಮಚ

"ಆ ಕೊರಿಯಾದವರನ್ನ ನೋಡಿಯಾದ್ರೂ ಬುದ್ಧಿ ಕಲೀಬಾರ್ದೇನೆ?" ಎಂದು ಲಾಡ್ಜಿನ ಮಾಲೀಕ ಲುಂಡೀನ್ ನೀರಿನ ಬಕೆಟ್ಟನ್ನು ಬೂಟಿನ ತುದಿಯಿಂದ ಆಚೆ ತಳ್ಳಿದ. ಕೊಳಕು ನೀರು ತುಳುಕಿ, ಜೋಸೆಟ್ ಅದುವರೆಗೆ ಉಜ್ಜಿ ಒರೆಸಿದ್ದ ನೆಲದ ಮೇಲೆಲ್ಲ ಹರಡಿತು.

ಜೋಸೆಟ್ ಮಂಡಿಯೂರಿ ಕೂತಲ್ಲೇ ಇದ್ದಳು. ಕ್ಯಾಬಿನ್ನಿನಲ್ಲಿ ಉಳಿದಿದ್ದ ಅತಿಥಿಗಳು ಮೀನು ಕೊಯ್ಯಲು ಹಿತ್ತಿಲಲ್ಲಿ ಹಲಗೆ ಇದ್ದರೂ ನಡುಮನೆಯಲ್ಲೇ ಕೊಯ್ದು ಹೋಗಿದ್ದರು. ಮೀನಿನ ಪೊರೆ ನೆಲದ ಹಲಗೆಗಳ ಸಂದಿಯಲ್ಲಿ ಅಂಟಿಕೊಂಡು ಉಗುರಿಗೂ ಬರುತ್ತಿರಲಿಲ್ಲ.

"ನಾಳೆ ಸಂಜೆ ಒಂದೊತ್ತು ಬಿಡಿ ಯಜಮಾನ್ರೇ ಅಂತ ಕೇಳ್ದೆ, ಅಷ್ಟೆಯಾ," ಎಂದಳು.

"ಸ್ಟ್ರಾಬೆರಿಗೆ ರಜ, ಬ್ಲೂಬೆರಿಗೆ ರಜ, ಈಗ ಅಕ್ಕಿಗೆ ರಜ. ಊಟ ಮಾಡೋದಕ್ಕೂ ರಜ ಕೇಳೋ ಜನ ಭೂಮಿ ಮೇಲೆ ನೀವೊಬ್ರೇ ಕಣೆ."

ಅವನು ಮೊದಲಿನೆರಡಕ್ಕೂ ರಜ ಕೊಟ್ಟಿರಲಿಲ್ಲ. ಆದರೂ ಕೊಟ್ಟವನ ದನಿಯಲ್ಲೇ ಮಾತಾಡುತ್ತಿದ್ದ.

ಅವನ ಬೆನ್ನ ಹಿಂದೆ ಬಾಗಿಲಲ್ಲಿ ಡಾಕ್ಟರ್ ವಿಟ್ಕಾಂಬ್ ನಿಂತಿದ್ದಳು. ಮದ್ದು ಕೊಡುವ ಡಾಕ್ಟರಲ್ಲ, ನಗರದ ವಿಶ್ವವಿದ್ಯಾಲಯದವಳು. ಅಮೆರಿಕಕ್ಕೆ ವಲಸೆ ಬಂದ ಕೊರಿಯಾದವರ ಮತ್ತು ಇಲ್ಲಿನ ಮೂಲನಿವಾಸಿಗಳಾದ, ಜೋಸೆಟ್‌ಳ ಜನ ಚಿಪ್ಪೆವಾದವರ ಸ್ಥಿತಿಗತಿಯನ್ನು ಅಕ್ಕಪಕ್ಕ ಇಟ್ಟು ನೋಡಲು ಬಂದಿದ್ದಳು. ಇಬ್ಬರೂ ಒಂದೇ ಕಡೆ ಸಿಗುತ್ತಾರೆಂದು ಲುಂಡೀನನೇ ಕರೆಸಿ, ಕೆರೆಗೆ ಮುಖವಿದ್ದ ಒಳ್ಳೆಯ ಕ್ಯಾಬಿನ್ ಬಿಟ್ಟುಕೊಟ್ಟಿದ್ದ. ಅವಳು ಒಳ್ಳೆಯ ಹೆಂಗಸು. ನೀರು ತನ್ನ ಶೂಗಳ ಹತ್ತಿರ ಬಂದಾಗ ಜೋಸೆಟ್‌ಗೆ ಮುಜುಗರವಾಗದಿರಲೆಂದು ನೋಡಿಯೂ ನೋಡದಂತೆ ಹಿಂದೆ ಸರಿದಳು.

"ಒಂದು ಪ್ರಶ್ನೆ ಕೇಳ್ಬಹುದಾ?" ಎಂದಳು ಮೆಲ್ಲಗೆ. "ನಿಮ್ಮ ಸಮುದಾಯದಲ್ಲಿ ಮುಂದಿನ ದಿನಗಳ ಬಗ್ಗೆ ಯೋಚನೆ ಮಾಡೋ ಅಭ್ಯಾಸ ಇದೆಯಾ?"

"ನಾಳೆ ಸಂಜೆದೇ ಯೋಚ್ನೆ ಮಾಡ್ತಾ ಇವ್ನಿ ಕಣಮ್ಮ. ಈಗ ತಾನೇ ಕೇಳುಸ್ಕೊಂಡ್ರಲ್ಲ."

ಡಾಕ್ಟರ್ ಅದನ್ನು ಬರೆದುಕೊಂಡಳು.

"ನಾಳೆ ಸಂಜೆ ದೊಡ್ಡ ಊಟ ಇದೆ, ಡಾಕ್ಟರ್ ಮಾತಾಡ್ತಾರೆ," ಎಂದ ಲುಂಡೀನ್. "ತಟ್ಟೆ ಹಿಡಿದು ನೀನು ಹಾಲ್‌ನಲ್ಲಿ ಇಲ್ದಿದ್ರೆ ನಿನ್ನ ತಗಡಿನ ಮನೆ ನನ್ನ ಜಾಗದಲ್ಲಿ ಇರಲ್ಲ. ತಿಳೀತಾ?"

ತಗಡಿನ ಮನೆ ಎಂದರೆ ಗಾಲಿ ಕಳಚಿದ ಒಂದು ಹಳೆಯ ಟ್ರೇಲರ್. ಅದು ನಿಂತಿದ್ದ ಪೈನ್ ತೋಪು ಒಂದು ಕಾಲಕ್ಕೆ ಜೋಸೆಟ್‌ಳ ಅಜ್ಜನದೇ ಆಗಿತ್ತು. ಅದಕ್ಕೆ ತೆರಿಗೆ ಕಟ್ಟಬೇಕೆಂದು ಅಜ್ಜನಿಗೆ ಯಾರೂ ಹೇಳಿರಲಿಲ್ಲ. ಲುಂಡೀನನ ಅಜ್ಜನಿಗೆ ಮಾತ್ರ ಹೇಳಿದ್ದರು.

*

ಲಾಂಡ್ರಿ ಮನೆಯಲ್ಲಿ ಪಿಲ್‌ಸುನ್ ಬೆಡ್‌ಶೀಟು ಮಡಿಸುತ್ತಿದ್ದಳು. ವಯಸ್ಸಿನಲ್ಲಿ ಜೋಸೆಟ್‌ಗಿಂತ ದೊಡ್ಡವಳು, ಎತ್ತರದಲ್ಲಿ ಅವಳ ಭುಜಕ್ಕೆ ಬರುವವಳು. ಗಂಡನ ಜೊತೆ ನಗರದಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಳು. ಅಲ್ಲಿ ಕಲೆ ತೆಗೆಯುವ ರಾಸಾಯನಿಕದ ಹೊಗೆ ಕುಡಿದು ಕುಡಿದು ಗಂಡನ ಎದೆ ಕೆಟ್ಟಿತು, ಆಮೇಲೆ ಅಂಗಡಿ ಹೋಯಿತು, ಕಳೆದ ಚಳಿಗಾಲದಲ್ಲಿ ಗಂಡನೂ ಹೋದ. ಲುಂಡೀನ್ ಅವಳನ್ನು ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ, ಉದ್ಯಮಿಯನ್ನಾಗಿ ಮಾಡಿದ. ತನ್ನ ಹಳೆಯ ವ್ಯಾನನ್ನು ಕಂತಿನ ಮೇಲೆ ಅವಳಿಗೇ ಮಾರಿ, ಅದರ ಪಕ್ಕೆಗೆ ಅವಳ ಹೆಸರು ಬರೆಸಿದ. ಉದ್ಯಮಿಗೆ ಸಂಬಳ ಕೊಡುವ ಹಾಗಿಲ್ಲವಲ್ಲ. ಪಿಲ್‌ಸುನ್ ರಾತ್ರಿ ಬಟ್ಟೆ ಒಣಗಿಸುವ ಯಂತ್ರಗಳ ಹಿಂದೆ ಮಲಗುತ್ತಿದ್ದಳು. ಅಲ್ಲಿ ಬೆಚ್ಚಗಿರುತ್ತಿತ್ತು.

ಜೋಸೆಟ್ ಒದ್ದೆ ಏಪ್ರನ್ ಬಿಚ್ಚಿ ಎಸೆದಳು. "ಅಕ್ಕ, ಇವತ್ತು ಆ ಮುಂಡೇಮಗ ಏನಂದ ಗೊತ್ತಾ? ಕೊರಿಯಾದೋರ್ನ ನೋಡಿ ಬುದ್ಧಿ ಕಲಿ ಅಂದ."

ಪಿಲ್‌ಸುನ್ ಕೈ ನಿಲ್ಲಿಸಿದಳು. ಅವಳ ಮಾತು ತುಂಡು ತುಂಡಾಗಿ ಬರುತ್ತಿತ್ತು. "ನಂಗೆ ಬೇರೆ ಹೇಳಿದ. ನಮ್ಮ ಹಿರಿಯರ ಹಬ್ಬ ಬಂತು. ಗಂಡಂಗೆ ಮೊದಲನೇದು. ಹೊಸ ಅಕ್ಕಿ ಅನ್ನ ಇಡಬೇಕು, ಒಂದು ದಿನ ಬಿಡು ಅಂದೆ. ಅವನು ಹೇಳಿದ, ಆ ಚಿಪ್ಪೆವಾ ಹೆಂಗಸ್ರನ್ನ ನೋಡು. ಚಳೀಲಿ ಹೀಟರ್ ಇಲ್ಲ, ಏನೂ ಕೇಳಲ್ಲ. ನಿಂಗೆ ಯಾಕೆ ಇಷ್ಟು ಆಸೆ?"

"ನಾವು ಏನೂ ಕೇಳಲ್ವಾ? ಹೀಟರು ಕೇಳಿ ಕೇಳಿ ನನ್ ಬಾಯಿ ಸೇದೋಯ್ತಲ್ಲಕ್ಕ!"

"ನಾವು ಬುದ್ಧಿವಂತ್ರಾ? ಬುದ್ಧಿ ಇದ್ರೆ ಆ ವ್ಯಾನ್ ಯಾಕೆ ತಗೋತೀನಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಪಿಲ್‌ಸುನ್‌ಳ ಭುಜ ಅಲುಗಿತು. ಜೋಸೆಟ್ ಬಟ್ಟೆಯ ಗುಡ್ಡೆಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ.

"ಲೀಲಂಡ್ ಹೋದಾಗ್ನಿಂದ ನಾನು ಯಾವ್ದೂ ಹೊಸಾದ್ನ ಬಾಯ್ಗೆ ಹಾಕಿಲ್ಲ ಕಣಕ್ಕ," ಎಂದಳು. ಲೀಲಂಡ್ ಅವಳ ಮಗ; ವಸಂತದಲ್ಲಿ ಮರ ಕಡಿಯಲು ಹೋದವನ ಮೇಲೆ ಮರವೇ ಬಿದ್ದಿತ್ತು. "ಸಾವಾದ ಮನೆಯೋರು ಆ ವರ್ಸದ ಹೊಸ ಫಲ ಮುಟ್ಟೋ ಹಂಗಿಲ್ಲ. ಹಿರೀರು ಎಲ್ರ ಮುಂದೆ ಚಮಚದಲ್ಲಿ ಬಾಯಿಗಿಡ್ಬೇಕು. ಮೂರು ಸಲ ಬ್ಯಾಡ ಅನ್ಬೇಕು, ಸತ್ತೋರ ನೆಪ್ಪಿಗೆ. ನಾಕ್ನೇದಕ್ಕೆ ಬಾಯ್ ಬಿಡ್ಬೇಕು, ಬದುಕಿರೋರ ಜೊತೆ ಸೇರ್ದೆ ಅಂತ. ಬೆರಿ ಎಲ್ಡೂ ತಪ್ಪೋಯ್ತು. ನಾಳೆ ಸಂಜೆ ಆಲ್ಫೋನ್ಸ್ ಮಾಮ ಮುಂಚೇನೇ ತಂದಿರೋ ಒಂದಿಷ್ಟು ಹೊಸ ಅಕ್ಕಿ ಬಾಯಿಗಿಡ್ತಾನೆ. ನಾಡಿದ್ದು ಬೆಳಗ್ಗೆ ನೀರಲ್ಲಿ ತಾನೇ ಬೆಳ್ದಿರೋ ಅಕ್ಕಿ ಬಡಿಯಾಕೆ ಎಲ್ರೂ ಕೆರೆಗೆ ದೋಣಿ ಇಳಿಸ್ತಾರೆ. ನಾಳೆ ತಪ್ಪಿದ್ರೆ ನಾನು ದಡದಲ್ಲೇ. ಗಾಳಿ ಎದ್ರೆ ಕಾಳೆಲ್ಲ ನೀರ್ಗೆ."

ಪಿಲ್‌ಸುನ್ ಬೆಡ್‌ಶೀಟಿನ ಎರಡು ಮೂಲೆಗಳನ್ನು ಅವಳ ಕಡೆ ಚಾಚಿದಳು. ಇಬ್ಬರೂ ಎದುರುಬದುರು ನಿಂತು ಎಳೆದು ಮಡಿಸಿದರು. ಸಂಜೆಯ ಹೊತ್ತಿಗೆ ಮಡಿಸಿದ ಬೆಡ್‌ಶೀಟುಗಳಿಂದ ವ್ಯಾನು ತುಂಬಿತು.

*

ಮರುದಿನ ಸಂಜೆ ಲಾಡ್ಜಿನ ಹಾಲ್‌ನಲ್ಲಿ, ಏಳಿಗೆ ಕಂಡವಳೆಂದು ಭಾಷಣ ಮಾಡಿಸಲು, ಪಿಲ್‌ಸುನ್‌ಳನ್ನು ಅತಿಥಿಗಳ ಸಾಲಿನಲ್ಲಿ ಕೂರಿಸಿದರು. ಗಂಡನ ತಿಥಿಗೆಂದು ತೆಗೆದಿಟ್ಟಿದ್ದ ಬೂದು ರೇಷ್ಮೆಯ ನಿಲುವಂಗಿ ತೊಟ್ಟಿದ್ದಳು. ಜೋಸೆಟ್ ತಟ್ಟೆ ಹಿಡಿದು ಗೋಡೆಯ ಹತ್ತಿರ ನಿಂತಿದ್ದಳು. ಮೇಜಿನ ಮೇಲಿನ ಬಿಳಿ ಹಾಸನ್ನು ಮಧ್ಯಾಹ್ನ ಇಬ್ಬರೂ ಸೇರಿ ಒಗೆದಿದ್ದರು.

ಡಾಕ್ಟರ್ ವಿಟ್ಕಾಂಬ್ ಗೋಡೆಯ ಮೇಲೆ ವರಮಾನದ ನಕ್ಷೆ ಮೂಡಿಸಿದಳು. ಉದ್ದದ ಕಂಬ ಕೊರಿಯಾದವರದು, ಗಿಡ್ಡ ಕಂಬ ಚಿಪ್ಪೆವಾದವರದು. ಇಬ್ಬರೂ ಯುದ್ಧ ಕಂಡವರು, ಇಬ್ಬರೂ ಬಡತನದಿಂದ ಶುರು ಮಾಡಿದವರು. ಹಾಗಿದ್ದರೆ ಒಬ್ಬರು ಏರಿದ್ದು, ಒಬ್ಬರು ಉಳಿದದ್ದು ಯಾಕೆ? ಅವಳ ದನಿಯಲ್ಲಿ ನಿಜವಾದ ಮರುಕವಿತ್ತು. ಪಿಲ್‌ಸುನ್ ಉದ್ದದ ಕಂಬವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ತಾನು ಅದರಲ್ಲಿ ಎಲ್ಲಿದ್ದೇನೆಂದು ಹುಡುಕುವವಳ ಹಾಗೆ.

ಅಷ್ಟರಲ್ಲಿ ಸೂಪು ಬಂತು. "ನಮ್ಮ ಕೆರೆಯ ಅಕ್ಕಿ," ಎಂದು ಲುಂಡೀನ್ ಎದ್ದು ನಿಂತ. ಅದು ದೂರದ ಕ್ಯಾಲಿಫೋರ್ನಿಯಾದ ಗದ್ದೆಯಲ್ಲಿ ಯಂತ್ರ ಬೆಳೆದ ಅಕ್ಕಿ. ಚೀಲ ಅಡುಗೆಮನೆಯಲ್ಲೇ ಇತ್ತು. "ಅಂದ ಹಾಗೆ, ಈ ಕೆರೆಯ ಮಗಳೇ ಇಲ್ಲಿದ್ದಾಳೆ. ಬಾರೆ ಜೋಸೆಟ್. ನಿಮ್ಮಜ್ಜಿ ಕೈರುಚಿ ಬಂದಿದೆಯಾ ಇಲ್ವಾ, ತಿಂದು ಹೇಳು."

ಚಮಚ ತುಂಬಿ ಅವಳ ತುಟಿಯ ಹತ್ತಿರ ಹಿಡಿದ.

ಜೋಸೆಟ್ ತಲೆಯಾಡಿಸಿದಳು.

"ನಾಚ್ಕೋತಾಳೆ." ಜನ ನಕ್ಕರು. ಚಮಚ ಮತ್ತೆ ಬಂತು.

"ಬ್ಯಾಡ ಯಜಮಾನ್ರೇ."

"ನೋಡಿ ಡಾಕ್ಟರ್, ಬಾಯಿಗಿಟ್ರೂ ತಿನ್ನಲ್ಲ. ಇದೇ ನಿಮ್ಮ ಗಿಡ್ಡ ಕಂಬ!" ಈ ಸಲ ನಗು ಜೋರಾಗಿತ್ತು. ಅವನು ಚಮಚವನ್ನು ಹಲ್ಲಿಗೆ ತಾಗುವಷ್ಟು ಒತ್ತಿದ. ಸೂಪು ಗದ್ದದಿಂದ ಇಳಿದು ಕುತ್ತಿಗೆಗೆ ಬಂತು. ಜೋಸೆಟ್ ಮೂರನೆಯ ಸಲ ತಲೆಯಾಡಿಸಿದಳು.

ಲುಂಡೀನ್ ಇನ್ನೂ ನಗುತ್ತಲೇ ಇದ್ದ, ಕಣ್ಣು ಮಾತ್ರ ನಗುತ್ತಿರಲಿಲ್ಲ. ಬಗ್ಗಿ ಮತ್ತೆ ಚಮಚ ತುಂಬಿದ.

ಮೂರು ಸಲ ಬೇಡ ಅನ್ನುವುದನ್ನು ಜೋಸೆಟ್‌ಗೆ ಅಜ್ಜಿ ಕಲಿಸಿದ್ದಳು. ನಾಲ್ಕನೆಯದಕ್ಕೆ ಬೇಡ ಅನ್ನುವುದನ್ನು ಯಾರೂ ಕಲಿಸಿರಲಿಲ್ಲ. ತುಟಿಗಳು ತಮ್ಮಷ್ಟಕ್ಕೆ ಸಡಿಲವಾಗುತ್ತಿರುವುದು ಅವಳಿಗೇ ತಿಳಿಯಿತು. ಈ ಕೈಯಿಂದ, ಈ ಅಕ್ಕಿಯಿಂದ ಲೀಲಂಡ್‌ನ ವರ್ಷ ಮುಗಿಯುವುದರಲ್ಲಿತ್ತು.

ಕುರ್ಚಿಯೊಂದು ಹಿಂದಕ್ಕೆ ಬಿತ್ತು. ಪಿಲ್‌ಸುನ್ ರೇಷ್ಮೆ ನಿಲುವಂಗಿಯನ್ನು ಎತ್ತಿ ಹಿಡಿದುಕೊಂಡು ಬಂದಳು, ಲುಂಡೀನನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಎಳೆದಳು, ಚಮಚವನ್ನು ತನ್ನ ಬಾಯಿಗೆ ಹಾಕಿಕೊಂಡು ಸದ್ದು ಮಾಡಿ ನುಂಗಿದಳು.

"ಉಪ್ಪು ಕಮ್ಮಿ," ಎಂದಳು.

ಅವಳು ಜೋಸೆಟ್‌ಳ ಕೈಯಿಂದ ತಟ್ಟೆ ಕಿತ್ತು ಮೇಜಿನ ಮೇಲಿಟ್ಟು, ತೋಳು ಹಿಡಿದು ಬಾಗಿಲ ಕಡೆ ನಡೆದಳು.

"ಪಿಲ್‌ಸುನ್, ಕೂತ್ಕೋ! ನಿನ್ನ ಭಾಷಣ ಬಾಕಿ ಇದೆ!"

ಪಿಲ್‌ಸುನ್ ಹೊಸ್ತಿಲಲ್ಲಿ ತಿರುಗಿ ನಿಂತಳು. ಅವನೇ ಬಾಯಿಪಾಠ ಮಾಡಿಸಿದ್ದನ್ನು ಹೇಳಿದಳು: "ಕುಟುಂಬ. ದುಡಿಮೆ. ಉಳಿತಾಯ. ಮುಗೀತು."

ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

*

ಚಿಪ್ಪೆವಾದವರ ಸಮುದಾಯ ಭವನದಲ್ಲಿ ಊಟ ಶುರುವಾಗಿರಲಿಲ್ಲ. ಸತ್ತವರ ತಟ್ಟೆಯನ್ನು ಹೊರಗೆ ಮರದ ಬುಡಕ್ಕೆ ಇಟ್ಟು ಬಂದ ಆಲ್ಫೋನ್ಸ್ ಮಾಮ ಕಾಯುತ್ತಿದ್ದ. ಎಂಬತ್ತರ ಮುದುಕ, ಒಂದು ಕಿವಿ ಕೇಳಿಸದು.

"ಬಂದ್ಯಾ ಮಗ. ಗದ್ದದ ಮ್ಯಾಲೆ ಏನದು?"

"ಲುಂಡೀನನ ಮರ್ವಾದೆ ಕಣ್ ಮಾಮ. ಒರೆಸ್ಕೋತೀನಿ ತಡಿ."

ಅವನು ಬೋಗುಣಿಯಿಂದ ಹೊಸ ಅಕ್ಕಿಯ ಅನ್ನವನ್ನು ಚಮಚದಲ್ಲಿ ತೆಗೆದ. ಹೊಗೆಯ ವಾಸನೆ, ಕೆರೆಯ ವಾಸನೆ. ಒಂದು, ಬೇಡವೆಂದಳು. ಎರಡು. ಮೂರನೆಯದಕ್ಕೆ ತಲೆಯಾಡಿಸಿದಳು. ಮಗ ದೋಣಿಯ ಹಿಂತುದಿಯಲ್ಲಿ ನಿಂತು ಗಳ ಊರುತ್ತಿದ್ದ ಸದ್ದು ಕಿವಿಯಲ್ಲಿತ್ತು. ಮುದುಕ ಅವಸರಪಡಿಸದೆ ಕೈಯನ್ನು ಹಾಗೇ ಹಿಡಿದಿದ್ದ. ನಾಲ್ಕನೆಯದಕ್ಕೆ ಅವಳು ಬಾಯಿ ತೆರೆದಳು.

"ಈವಮ್ಮ ಯಾರು?" ಎಂದು ಮುದುಕ ಪಿಲ್‌ಸುನ್ ಕಡೆ ತಿರುಗಿದ.

"ಗಂಡ ಓದ ಚಳಿಗಾಲ್ದಲ್ಲಿ ತೀರ್ಕೊಂಡ. ಆದ್ರೆ ಮಾಮ, ಅಕ್ಕ ಆಗ್ಲೇ ಅಲ್ಲಿ ಒಂದ್ ಚಮಚ ನುಂಗ್ಬುಟ್ಟವ್ಳೆ, ನನ್ನ ಬದ್ಲು."

"ಅಂಗ್ಡಿ ಅಕ್ಕಿಯಾ? ಅದು ಲೆಕ್ಕಕ್ಕಿಲ್ಲ ಬುಡು." ಮುದುಕ ಚಮಚ ಚಾಚಿದ.

ಬೆಳಗಿನಿಂದ ಏನೂ ತಿಂದಿರದ ಪಿಲ್‌ಸುನ್ ಮೊದಲನೆಯದಕ್ಕೇ ಬಾಯಿ ಬಿಟ್ಟುಬಿಟ್ಟಳು.

ಆಲ್ಫೋನ್ಸ್ ಮಾಮ ಖಾಲಿ ಚಮಚವನ್ನು ನೋಡಿದ. "ಈ ಕೊರಿಯಾದೋರು ಎಲ್ಲಾದ್ರಲ್ಲೂ ನಮ್ಗಿಂತ ಮುಂದು ಕಣ್ರಪ್ಪ," ಎಂದ.

ಭವನವೆಲ್ಲ ನಕ್ಕಿತು. ಪಿಲ್‌ಸುನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಆಮೇಲೆ ಅದೇ ಕೈಯಿಂದ ಕಣ್ಣು ಮುಚ್ಚಿಕೊಂಡಳು.

*

ಬೆಳಗ್ಗೆ ಕೆರೆಗೆ ದೋಣಿಗಳು ಇಳಿದವು. ಜೋಸೆಟ್‌ಳ ತಮ್ಮ ಡುವೇನ್ ಹಿಂದೆ ನಿಂತು ಗಳ ಊರಿದ; ಅವಳು ಒಂದು ಕೋಲಿನಲ್ಲಿ ತೆನೆ ಬಗ್ಗಿಸಿ, ಇನ್ನೊಂದರಲ್ಲಿ ಸವರುವಷ್ಟೇ ಮೆತ್ತಗೆ ಬಡಿದಳು. ಕಾಳು ದೋಣಿಯೊಳಗೆ ಮಳೆಯಂತೆ ಬಿತ್ತು. ಆ ಕೆರೆಗೆ ಇಳಿಯುವ ಹಕ್ಕು ಬುಡಕಟ್ಟಿನ ಕಾರ್ಡು ಇದ್ದವರಿಗೆ ಮಾತ್ರ, ಪಿಲ್‌ಸುನ್‌ಗೆ ಇರಲಿಲ್ಲ. "ನಿಂಗೆ ಕಾರ್ಡಿಲ್ಲ ಕಣವ್ವ, ದಡ ನೋಡ್ಕೋ," ಎಂದಿದ್ದ ಮಾಮ.

ಅವಳು ದಡ ನೋಡಿಕೊಂಡಳು. ದೋಣಿಗಳು ಒಂದರ ಹಿಂದೊಂದು ಬಂದು ಹಸಿ ಕಾಳು ಸುರಿದಾಗ ಹರಡಲು ತಾಡಪಾಲು ಸಾಲದಾಯಿತು. ಗುಡ್ಡೆಯಾಗಿ ಬಿಟ್ಟರೆ ಬಿಸಿಯೇರಿ ಮುಗ್ಗುತ್ತದೆ. ಪಿಲ್‌ಸುನ್ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ವ್ಯಾನಿನ ಹಿಂಬಾಗಿಲು ತೆರೆದಳು.

ಜೋಸೆಟ್ ದೋಣಿ ತುಂಬಿಸಿಕೊಂಡು ತಿರುಗಿ ಬರುವಾಗ ದಡ ಹಿಮ ಬಿದ್ದ ಹಾಗೆ ಬೆಳ್ಳಗಿತ್ತು. ಲಾಡ್ಜಿನ ಅಷ್ಟೂ ಕ್ಯಾಬಿನ್ನುಗಳ ಬೆಡ್‌ಶೀಟುಗಳು ಹಾಸಿದ್ದವು. ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ. ಮೇಲೆ ಹಸಿರು ಕಾಳು, ಕಾಳಿನಿಂದ ಹೊರಟ ಸಣ್ಣ ಹುಳುಗಳು.

"ಅಕ್ಕ, ನಿನ್ ಕೈಗೆ ಮುತ್ತಿಕ್ಬೇಕು ಕಣೆ!"

"ಮುತ್ತು ಆಮೇಲೆ. ಆ ತುದಿ ಹಿಡಿ."

ಲುಂಡೀನನ ಕಾರು ಧೂಳೆಬ್ಬಿಸಿಕೊಂಡು ಬಂತು. ಅವನ ಹಿಂದೆಯೇ ಡಾಕ್ಟರ್ ವಿಟ್ಕಾಂಬ್ ಇಳಿದಳು.

"ಮಧ್ಯಾಹ್ನ ಗೆಸ್ಟ್ ಬರ್ತಾರೆ! ಏನು ಹಾಸ್ಲಿ ನಾನು?"

"ಬರೀ ಹಾಸ್ಗೆ ಮ್ಯಾಲೆ ಮಲಗ್ಲಿ," ಎಂದಳು ಜೋಸೆಟ್. "ನಾವು ಮಲಗಲ್ವಾ?"

"ನಿನ್ನ ತಗಡು ಎಳೆಸಿ ರಸ್ತೆಗೆ ಹಾಕಿಸಾಯ್ತು ಕಣೆ. ಬೆಳಗ್ಗೇನೇ. ಟ್ರ್ಯಾಕ್ಟರ್ ಕಟ್ಟಿ." ಪಿಲ್‌ಸುನ್ ಕಡೆ ತಿರುಗಿದ. "ನೀನು ವ್ಯಾನ್ ಕೀ ಕೊಡು. ಲಾಂಡ್ರಿಗೆ ಬೀಗ ಹಾಕಿದೀನಿ."

ಜೋಸೆಟ್‌ಳ ಕೈಯಲ್ಲಿದ್ದ ಕಾಳು ಬೆರಳ ಸಂದಿಯಿಂದ ಸುರಿಯಿತು. ಲೀಲಂಡ್‌ನ ಅಂಗಿಗಳು ಆ ಟ್ರೇಲರಿನಲ್ಲಿದ್ದವು. ಅವಳು ಬಗ್ಗಿ, ಬಿದ್ದ ಕಾಳನ್ನು ಅಂಗೈಯಿಂದ ತೆಳ್ಳಗೆ ಸವರಿ ಹರಡಿದಳು. ಪಿಲ್‌ಸುನ್ ಕೀಲಿಯನ್ನು ಅವನ ಕಾಲ ಬಳಿ ಎಸೆದು ಮುಂದಿನ ಬೆಡ್‌ಶೀಟು ಕೊಡವಿದಳು.

ಲುಂಡೀನ್ ಹತ್ತಿರದ ಬೆಡ್‌ಶೀಟಿನ ಮೂಲೆ ಹಿಡಿದು ಎಳೆದ. ಹಸಿ ಕಾಳಿನ ಭಾರಕ್ಕೆ ಅದು ಅಲುಗಲಿಲ್ಲ. ತಲೆಯೆತ್ತಿದಾಗ ದೋಣಿಗಳಿಂದ ಇಳಿದವರೆಲ್ಲ ಬಡಿಗೋಲು ಹಿಡಿದೇ ದಡಕ್ಕೆ ಬಂದಿದ್ದರು. ಮೂಲೆ ಅವನ ಕೈಯಿಂದ ಜಾರಿತು.

ಡಾಕ್ಟರ್ ವಿಟ್ಕಾಂಬ್ ಮುಂದೆ ಬಂದಳು. ಅವಳ ಮುಖದಲ್ಲಿ ಉತ್ಸಾಹ ಹೊಳೆಯುತ್ತಿತ್ತು. "ಬೆಡ್‌ಶೀಟ್ ಹೀಗೆ ಬಳಸೋ ಯೋಚನೆ... ದಯವಿಟ್ಟು ಹೇಳಿ, ಇದು ಮೊದಲು ಯಾರಿಗೆ ಹೊಳೀತು? ಕೊರಿಯಾದವರಿಗಾ, ಚಿಪ್ಪೆವಾದವರಿಗಾ?"

ಜೋಸೆಟ್ ಅವಳ ಮುಖ ನೋಡಲಿಲ್ಲ.

"ಅಕ್ಕಿ ಮ್ಯಾಲೆ ನಿಂತಿದೀರಿ," ಎಂದಳು. "ಕಾಲ್ ತೆಗೀರಿ."

ಡಾಕ್ಟರ್ ಗಾಬರಿಯಾಗಿ ಒಂದು ಕಾಲೆತ್ತಿದಳು. ಇಡಲು ಜಾಗ ಹುಡುಕಿದಳು. ಆ ಕಡೆ ಕಾಳು, ಈ ಕಡೆ ಕಾಳು. ಪೆನ್ನು ಹಿಡಿದ ಕೈಯನ್ನು ಗಾಳಿಗೆ ಚಾಚಿ, ಕೊಕ್ಕರೆಯ ಹಾಗೆ ಒಂಟಿಕಾಲಿನಲ್ಲಿ ನಿಂತೇ ಇದ್ದಳು. ಇಬ್ಬರು ಹೆಂಗಸರೂ ಅವಳ ಸುತ್ತ ಇನ್ನಷ್ಟು ಕಾಳು ಹರಡುತ್ತ ಹೋದರು.